ಹೂವಿನ ಹೊತ್ತಿಗೆ ಕಾಕಂಬಿ: ಎಂಟು ಕುಂಡಗಳ ಒಂದು ಪ್ರಕರಣ

ತಾರಸಿಯ ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿದದ್ದು ಹುಳಿ ವಾಸನೆ. ಟೊಮೆಟೊ ಎಲೆಯನ್ನು ಸವರಿದರೆ ಬರುವ ಹಸಿ ಘಾಟು ಅದಲ್ಲ. ಸಕ್ಕರೆ ನೀರನ್ನು ಮುಚ್ಚಿಟ್ಟು ಮರೆತರೆ ನಾಲ್ಕನೆಯ ದಿನ ಬರುವಂಥದ್ದು. ಗೆಳೆಯ ಅದನ್ನು ಗಮನಿಸಿಯೇ ಇರಲಿಲ್ಲ. ದಿನವೂ ಅಲ್ಲೇ ಓಡಾಡುವವರ ಮೂಗು ಬೇಗ ರಾಜಿ ಮಾಡಿಕೊಳ್ಳುತ್ತದೆ. ಅವನು ನನ್ನನ್ನು ಕರೆದದ್ದು ಬೇರೆ ದೂರಿಗೆ.

"ಹೂ ಬಿಡುತ್ತಿವೆ, ಕಾಯಿ ಕಚ್ಚುತ್ತಿಲ್ಲ. ಎಲೆ ಹಳದಿಯಾಗುತ್ತಿದೆ. ಆರೈಕೆಯಲ್ಲಿ ಏನೂ ಕಡಿಮೆ ಮಾಡಿಲ್ಲ, ನೀನೇ ನೋಡು."

ಒಟ್ಟು ಎಂಟು ಟೊಮೆಟೊ ಕುಂಡಗಳು. ಪ್ರತಿಯೊಂದೂ 15 ಲೀಟರಿನದು. ಕೋಕೋಪೀಟ್, ಕಾಂಪೋಸ್ಟ್, ಸ್ವಲ್ಪ ತೋಟದ ಮಣ್ಣು ಕಲಸಿದ ಮಿಶ್ರಣ. ಒಂದೇ ತಟ್ಟೆಯಲ್ಲಿ ಮೊಳೆತ ಸಸಿಗಳನ್ನು ಒಂದೇ ದಿನ ನೆಟ್ಟಿದ್ದ. ತಾರಸಿ ಕೊಳೆಯಾಗದಿರಲಿ ಎಂದು ಪ್ರತಿ ಕುಂಡದ ಕೆಳಗೂ ಅಗಲವಾದ ತಟ್ಟೆ. ಆರು ಕುಂಡಗಳು ಗೋಡೆಯ ಉದ್ದಕ್ಕೆ ಸಾಲಾಗಿ, ಬೆಳಗಿನಿಂದ ಸಂಜೆಯವರೆಗೂ ಬಿಸಿಲು ಬೀಳುವ ಕಡೆ. ಜಾಗ ಸಾಲದೆ ಉಳಿದ ಎರಡನ್ನು ನೀರಿನ ತೊಟ್ಟಿಯ ಹಿಂದೆ ತಳ್ಳಿದ್ದ. ಅಲ್ಲಿ ಅರ್ಧ ದಿನ ನೆರಳು. ಅವೆರಡನ್ನು ಅವನು ಲೆಕ್ಕದಿಂದಲೇ ಬಿಟ್ಟಿದ್ದ.

ಮೊದಲ ಹೂಗೊಂಚಲು ಕಾಣಿಸುವವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ವಾರಕ್ಕೊಮ್ಮೆ ದ್ರವ ಗೊಬ್ಬರ, ಬೇಕಾದಷ್ಟು ನೀರು. ಹೂ ಬಂದ ಮೇಲೆ ಅವನು ಎರಡು ಬದಲಾವಣೆ ಮಾಡಿದ. ಹೂವಿನ ಹೊತ್ತಿನಲ್ಲಿ ಸಾರಜನಕ ಕೊಟ್ಟರೆ ಗಿಡ ಬರೀ ಸೊಪ್ಪಾಗುತ್ತದೆ ಎಂದು ಯಾರೋ ಹೇಳಿದ್ದರಿಂದ ದ್ರವ ಗೊಬ್ಬರ ನಿಲ್ಲಿಸಿದ. ಅದರ ಜಾಗಕ್ಕೆ ಕಾಕಂಬಿ ತಂದ, ಅಂದರೆ ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಕಾಕಂಬಿಯ ಈ ಸಲಹೆ ಹೆಚ್ಚು ಓಡಾಡುವುದು ಗಾಂಜಾ ಬೆಳೆಯುವವರ ನಡುವೆ. ಗಿಡ ಹೂ ಬಿಡುವ ಎಂಟೊಂಬತ್ತು ವಾರ ಕಾಕಂಬಿ ನೀರು ಕೊಟ್ಟರೆ ಹೂವು ತೂಕ ಬರುತ್ತದೆ, ಘಮ ಹೆಚ್ಚುತ್ತದೆ ಎಂಬ ಮಾತು. ಅಲ್ಲಿಂದ ಅದು ಟೊಮೆಟೊ, ಮೆಣಸು, ಗುಲಾಬಿಯವರೆಗೂ ಹರಡಿದೆ. "ಹೂವಿಗೆ ಒಳ್ಳೆಯದು" ಎಂಬಷ್ಟೇ ದಾಟಿ ಬಂದಿದೆ. ಎಷ್ಟು, ಯಾವ ಮಣ್ಣಿಗೆ, ಯಾಕೆ ಎಂಬುದು ದಾರಿಯಲ್ಲೇ ಉದುರಿಹೋಗಿದೆ.

ಈ ಗೆಳೆಯನದು ಒಂದು ಒಳ್ಳೆಯ ಗುಣ: ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದಿಡುತ್ತಾನೆ. ಆ ಪುಸ್ತಕವಿಲ್ಲದಿದ್ದರೆ ನಾನು ಎಲೆಯ ಮೇಲೆ ರೋಗ ಹುಡುಕುತ್ತ ಕೂರುತ್ತಿದ್ದೆ. ಮೊದಲ ವಾರ: "ಕಾಕಂಬಿ, ಲೀಟರಿಗೆ 1 ಚಮಚ. ಕುಂಡಕ್ಕೆ 2 ಲೀಟರ್." ಎರಡನೆಯ ವಾರವೂ ಅದೇ. ಮೂರನೆಯ ವಾರ: "ಕೆಳಗಿನ ಎಲೆ ಬಿಳಚಿವೆ. ಕಾಕಂಬಿ ವಾರಕ್ಕೆ ಎರಡು ಸಲ." ನಾಲ್ಕನೆಯ ವಾರ: "ಹೂ ಉದುರುತ್ತಿದೆ. ಇರುವೆ." ಐದನೆಯ ವಾರದ ಪುಟದಲ್ಲಿ "ಸಣ್ಣ ನುಸಿ, ಮುಖಕ್ಕೆ ಬರುತ್ತವೆ" ಎಂದಿತ್ತು, ಅದರ ಕೆಳಗೆ ಎರಡು ಗೆರೆ ಎಳೆದು "ಇನ್ನೂ ಹಸಿವೆಯೇ?" ಎಂಬ ಪ್ರಶ್ನೆ.

ಗಿಡಗಳನ್ನು ನೋಡಿದೆ. ಕೆಳಗಿನ ಎಲೆಗಳು ಒಂದೇ ಸಮನೆ ಬಿಳಚಿ ಹಳದಿಯಾಗಿದ್ದವು. ಕೆಲವು ಎಲೆಗಳಲ್ಲಿ ಮಾತ್ರ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಗೆ ತಿರುಗಿತ್ತು. ತುದಿಯ ಕುಡಿಗಳು ಹಸಿರಾಗಿಯೇ ಇದ್ದವು, ಆದರೆ ಸಣ್ಣವು. ಕಚ್ಚಿದ್ದ ನಾಲ್ಕೈದು ಕಾಯಿಗಳಲ್ಲಿ ಎರಡರ ತುದಿ ಕಪ್ಪಾಗಿ, ತೊಗಲಿನಂತೆ ಚಪ್ಪಟೆಯಾಗಿತ್ತು. ಸಮಯ ಮಧ್ಯಾಹ್ನ, ಆರು ಗಿಡಗಳೂ ಬಾಡಿ ಜೋತುಬಿದ್ದಿದ್ದವು. ಮಣ್ಣಿಗೆ ಬೆರಳು ಇಳಿಸಿದೆ. ಎರಡನೆಯ ಗೆಣ್ಣಿನವರೆಗೂ ತಣ್ಣಗೆ ಒದ್ದೆ, ಬೆರಳಿಗೆ ಅಂಟು. ತಟ್ಟೆಗಳಲ್ಲಿ ಒಂದು ಬೆರಳಿನಷ್ಟು ಕಂದು ನೀರು, ಅದರ ಮೇಲೆ ಪೊರೆ.

ಮಣ್ಣು ಒಣಗಿ ಗಿಡ ಬಾಡಿದರೆ ಅದು ಬಾಯಾರಿಕೆ. ಮಣ್ಣು ಒದ್ದೆಯಾಗಿದ್ದೂ ಬಾಡಿದರೆ ಕೇಳಬೇಕಾದದ್ದು ಬೇರನ್ನು.

ಹಾಗೆ ಕೇಳುವ ಮೊದಲು ತೊಟ್ಟಿಯ ಹಿಂದೆ ಹೋದೆ. ಅಲ್ಲಿನ ಎರಡು ಗಿಡಗಳು ಎತ್ತರದಲ್ಲಿ ಕಡಿಮೆ, ಆದರೆ ಕಡುಹಸಿರು. ಒಂದರಲ್ಲಿ ಏಳು ಕಾಯಿ, ಇನ್ನೊಂದರಲ್ಲಿ ಒಂಬತ್ತು. "ಇವಕ್ಕೆ ಏನು ಕೊಟ್ಟೆ?" ಎಂದು ಕೇಳಿದೆ. ಅವನು ಸಂಕೋಚದಿಂದ ನಕ್ಕ. ಕಾಕಂಬಿ ನೀರಿನ ಬಕೆಟ್ಟು ಅಲ್ಲಿಯವರೆಗೆ ಹೊರುವುದು ಕಷ್ಟವೆಂದು ಬರೀ ತೊಟ್ಟಿಯ ನೀರು ಬಿಟ್ಟಿದ್ದನಂತೆ. ದ್ರವ ಗೊಬ್ಬರವೂ ಹೂ ಬಂದ ಮೇಲೆ ಅವಕ್ಕೆ ಹೋಗಿರಲಿಲ್ಲ. ಅಂದರೆ ಎಂಟೂ ಗಿಡಗಳಿಗೆ ಗೊಬ್ಬರ ನಿಂತದ್ದು ಒಂದೇ ದಿನ; ಆರಕ್ಕೆ ಕಾಕಂಬಿ ಸಿಕ್ಕಿತು, ಎರಡಕ್ಕೆ ಸಿಗಲಿಲ್ಲ. ನೆರಳಿನ ವ್ಯತ್ಯಾಸವಿದೆ, ಎರಡೇ ಗಿಡ ಎಂಬ ಮಿತಿಯೂ ಇದೆ. ಇದನ್ನು ಪ್ರಯೋಗ ಎಂದು ಕರೆಯಲು ನನಗೆ ಧೈರ್ಯವಿಲ್ಲ. ಆದರೆ ಹೂ ಉದುರಲು ಸೆಖೆಯೇ ಕಾರಣವಿರಬಹುದು ಎಂಬ ನನ್ನ ಮೊದಲ ಅನುಮಾನ ಅಲ್ಲಿ ಸಡಿಲವಾಯಿತು. ಹಗಲು 35 ಡಿಗ್ರಿ ದಾಟಿದರೆ ಟೊಮೆಟೊ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಆದರೆ ಅಷ್ಟು ಸೆಖೆ ಆಗಿರಲಿಲ್ಲ ಎಂದು ಅವನ ಪುಸ್ತಕವೇ ಹೇಳುತ್ತಿತ್ತು.

ಬೇರನ್ನು ನೋಡಲು ಹೆಚ್ಚು ಸೊರಗಿದ ಒಂದು ಗಿಡವನ್ನು ಕುಂಡದಿಂದ ಹೊರಕ್ಕೆಳೆದೆವು. ಮೇಲಿನ ಮೂರು ಬೆರಳಷ್ಟು ಮಣ್ಣಿನಲ್ಲಿ ಬಿಳಿ ಬೇರು ಇತ್ತು. ಅದರ ಕೆಳಗೆ ಕಂದು. ತಳದಲ್ಲಿ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಸಿಪ್ಪೆ ಕಾಲುಚೀಲದಂತೆ ಕಳಚಿ ಬಂತು, ಒಳಗಿನ ದಾರ ಮಾತ್ರ ಉಳಿಯಿತು. ಆ ಹುಳಿ ವಾಸನೆ ಹುಟ್ಟುತ್ತಿದ್ದುದು ಇಲ್ಲಿಂದಲೇ.

ಉಳಿದದ್ದು ಲೆಕ್ಕ. "ಒಂದು ಚಮಚ ಎಂದರೆ ಯಾವ ಚಮಚ, ತಾ" ಎಂದೆ. ಅವನು ತಂದದ್ದು ಊಟದ ದೊಡ್ಡ ಚಮಚ. ಅದರ ತುಂಬ ನೀರು ಹಿಡಿದು, ಔಷಧಿ ಅಳೆಯುವ ಪುಟ್ಟ ಲೋಟಕ್ಕೆ ಸುರಿದೆವು. ಗೆರೆ 15 ಮಿಲಿಲೀಟರಿಗೆ ಬಂತು. ಚಹಾ ಚಮಚವಾದರೆ 5 ಮಿಲಿಲೀಟರ್. ಸಲಹೆಯಲ್ಲಿದ್ದದ್ದು ಬಹುಶಃ ಅದು. ಕಾಕಂಬಿ ನೀರಿನಂತೆ ಚಮಚದ ಅಂಚಿಗೆ ನಿಲ್ಲುವುದೂ ಇಲ್ಲ, ದಿಬ್ಬವಾಗಿ ಏರುತ್ತದೆ. ಹೀಗೆ ಮೊದಲ ದಿನದಿಂದಲೇ ಪ್ರಮಾಣ ಮೂರು ಪಟ್ಟು, ಮೂರನೆಯ ವಾರದಿಂದ ಆರು ಪಟ್ಟು.

ಕುಂಡಕ್ಕೆ ಒಂದು ಸಲಕ್ಕೆ ಹೋದದ್ದು 30 ಮಿಲಿಲೀಟರ್. ಕಾಕಂಬಿ ನೀರಿಗಿಂತ ಭಾರ, ಲೀಟರಿಗೆ ಸುಮಾರು 1.4 ಕಿಲೋ. ಆದ್ದರಿಂದ 42 ಗ್ರಾಂ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆ, ಅಂದರೆ 21 ಗ್ರಾಂ. ಈ ಸಕ್ಕರೆ ಎಲ್ಲಿಗೆ ಹೋಯಿತು ಎಂಬುದೇ ಈ ಪ್ರಕರಣದ ತಿರುಳು.

ಗಿಡಕ್ಕೆ ಹೋಗಲಿಲ್ಲ. ಬೇರು ಒಂದಿಷ್ಟು ಸಕ್ಕರೆಯನ್ನು ಹೀರಬಲ್ಲದು ನಿಜ, ಆದರೆ ಮಣ್ಣಿನಲ್ಲಿ ಆ ಪಂದ್ಯವನ್ನು ಗೆಲ್ಲುವವು ಸೂಕ್ಷ್ಮಾಣುಗಳು. ಗಿಡ ತನಗೆ ಬೇಕಾದ ಸಕ್ಕರೆಯನ್ನು ಎಲೆಯಲ್ಲೇ ಮಾಡಿಕೊಳ್ಳುತ್ತದೆ, ಅದರಲ್ಲಿ ಒಂದು ಪಾಲನ್ನು ಬೇರಿನ ಮೂಲಕ ಮಣ್ಣಿಗೆ ಸುರಿಯುತ್ತದೆ ಕೂಡ. ಸಾಗಣೆ ಮೇಲಿನಿಂದ ಕೆಳಕ್ಕೆ. ಕೆಳಗಿನಿಂದ ಸಿಹಿ ಸುರಿದರೆ ಕಾಯಿ ಸಿಹಿಯಾಗುತ್ತದೆ ಎಂಬುದು ಕೇಳಲು ಚೆನ್ನಾಗಿದೆ, ಅಷ್ಟೇ. ಹಾಗಾಗಿ ಕಾಕಂಬಿ ಕೊಡುವುದೆಂದರೆ ಗಿಡಕ್ಕೆ ಬಡಿಸುವುದಲ್ಲ, ಮಣ್ಣಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಬಡಿಸುವುದು. ಅವು ಉಂಡು ಏನು ಮಾಡುತ್ತವೆ ಎಂಬುದರ ಮೇಲೆ ಗಿಡದ ಹಣೆಬರಹ.

ಉಣ್ಣಲು ಅವಕ್ಕೆ ಮೊದಲು ಬೇಕಾದದ್ದು ಗಾಳಿ. 21 ಗ್ರಾಂ ಸಕ್ಕರೆ ಪೂರ್ತಿ ಉರಿಯಲು 22 ಗ್ರಾಂಗೂ ಮಿಕ್ಕಿ ಆಮ್ಲಜನಕ ಬೇಕು. ಸೂಕ್ಷ್ಮಾಣುಗಳು ಒಂದು ಪಾಲನ್ನು ಮೈಗೂಡಿಸಿಕೊಂಡು ಉಳಿದದ್ದನ್ನು ಉರಿಸುತ್ತವೆ ಎಂದಿಟ್ಟುಕೊಂಡರೂ ಹದಿಮೂರು ಗ್ರಾಂ ಆಸುಪಾಸು. ಕುಂಡದಲ್ಲಿ ಎಷ್ಟಿದೆ? 15 ಲೀಟರ್ ಮಿಶ್ರಣದಲ್ಲಿ ನೂರಕ್ಕೆ ಹದಿನೈದು ಪಾಲು ಗಾಳಿ ತುಂಬಿದ ರಂಧ್ರ ಎಂದು ಹಿಡಿದರೆ ಎರಡೂಕಾಲು ಲೀಟರ್ ಗಾಳಿ, ಅದರಲ್ಲಿ ಆಮ್ಲಜನಕ ಸುಮಾರು 0.6 ಗ್ರಾಂ. ನೀರಿನಲ್ಲಿ ಕರಗಿರುವುದು ಲೀಟರಿಗೆ ಎಂಟು ಮಿಲಿಗ್ರಾಂ, ಲೆಕ್ಕಕ್ಕೇ ಬಾರದಷ್ಟು. ಅಂದರೆ ಒಂದೇ ಒಂದು ಬಡಿಸುವಿಕೆಯನ್ನು ಅರಗಿಸಲು ಕುಂಡದ ಗಾಳಿ ಇಪ್ಪತ್ತಕ್ಕೂ ಹೆಚ್ಚು ಬಾರಿ ಹೊಸದಾಗಬೇಕು, ಮೂರು ನಾಲ್ಕು ದಿನದೊಳಗೆ. ಸಡಿಲವಾಗಿ, ಚೆನ್ನಾಗಿ ಬಸಿಯುವ ಕುಂಡದಲ್ಲಿ ಅದು ಆದೀತು. ಆದರೆ ಆಮ್ಲಜನಕ ನೀರಿನ ಮೂಲಕ ಹರಡುವುದು ಗಾಳಿಯಲ್ಲಿ ಹರಡುವುದಕ್ಕಿಂತ ಹತ್ತು ಸಾವಿರ ಪಟ್ಟು ನಿಧಾನ. ತಟ್ಟೆಯಲ್ಲಿ ನಿಂತ ನೀರಿನಲ್ಲಿ ಅದ್ದಿದ ಕುಂಡದ ತಳಕ್ಕೆ ಗಾಳಿ ಇಳಿಯುವುದೇ ಇಲ್ಲ. ಉಸಿರು ಕಟ್ಟಿದ ಜಾಗದಲ್ಲಿ ಹುದುಗು ಶುರುವಾಗುತ್ತದೆ. ಆಮ್ಲಗಳು, ಮದ್ಯಸಾರ, ಆ ವಾಸನೆ, ಕಳಚುವ ಬೇರು.

ವಿಚಿತ್ರವೆಂದರೆ ಇದನ್ನೇ ಬೇಕೆಂದು ಮಾಡುವವರಿದ್ದಾರೆ. ನೆಲದ ರೋಗಾಣುಗಳನ್ನು ರಾಸಾಯನಿಕವಿಲ್ಲದೆ ಕೊಲ್ಲುವ ಒಂದು ವಿಧಾನ 2000ದ ಆಸುಪಾಸಿನಲ್ಲಿ ಜಪಾನ್‌ನಲ್ಲೂ ನೆದರ್ಲೆಂಡ್ಸ್‌ನಲ್ಲೂ ಬೇರೆ ಬೇರೆಯಾಗಿ ರೂಪುಗೊಂಡಿತು. ಸುಲಭವಾಗಿ ಕೊಳೆಯುವ ವಸ್ತುವನ್ನು ಮಣ್ಣಿಗೆ ಸೇರಿಸಿ, ನೀರು ತುಂಬಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಗಾಳಿ ಕಟ್ಟುವುದು. ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಪ್ರಯೋಗಗಳಲ್ಲಿ ಆ ವಸ್ತು ಕಾಕಂಬಿಯೇ. ಕೆಲವು ವಾರಗಳ ನಂತರ ಮಣ್ಣಿಗೆ ಗಾಳಿಯಾಡಿಸಿ ಸಸಿ ನೆಡುತ್ತಾರೆ. ನನ್ನ ಗೆಳೆಯ ಗಿಡವನ್ನು ಒಳಗೇ ಇಟ್ಟುಕೊಂಡು ಅದನ್ನು ಮಾಡಿದ್ದ.

ಎರಡನೆಯದಾಗಿ ಸೂಕ್ಷ್ಮಾಣುಗಳಿಗೆ ಬೇಕಾದದ್ದು ಸಾರಜನಕ. ಅವುಗಳ ಮೈಯಲ್ಲಿ ಎಂಟು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕದ ಹೊಂದಿಕೆ. 21 ಗ್ರಾಂ ಸಕ್ಕರೆಯಲ್ಲಿ ಸುಮಾರು 8.8 ಗ್ರಾಂ ಇಂಗಾಲ. ಅದರಲ್ಲಿ ನೂರಕ್ಕೆ ನಲವತ್ತನ್ನು ಮೈಗೂಡಿಸಿಕೊಂಡರೆ 3.5 ಗ್ರಾಂ, ಅದಕ್ಕೆ ತಕ್ಕ ಸಾರಜನಕ 0.44 ಗ್ರಾಂ. ಕಾಕಂಬಿಯಲ್ಲೇ ಇರುವ ಸಾರಜನಕ ಎಲ್ಲವೂ ಕೈಗೆ ಸಿಕ್ಕರೂ 0.25 ಗ್ರಾಂ ದಾಟದು. ಕೊರತೆ ಬಿದ್ದ ಸುಮಾರು 0.2 ಗ್ರಾಂ ಎಲ್ಲಿಂದ? ಮಣ್ಣಿನಿಂದ, ಗಿಡದ ಪಾಲಿನಿಂದ. ಲೀಟರಿಗೆ 100 ಮಿಲಿಗ್ರಾಂ ಸಾರಜನಕವಿರುವ ದ್ರವ ಗೊಬ್ಬರವನ್ನು ಎರಡು ಲೀಟರ್ ಕೊಟ್ಟರೆ ಸಿಗುವುದೂ ಅಷ್ಟೇ. ಒಂದು ಸಲದ ಕಾಕಂಬಿ ಒಂದು ಸಲದ ಗೊಬ್ಬರವನ್ನು ಹಿಂದಕ್ಕೆ ಕಿತ್ತುಕೊಂಡಂತೆ. ಈ ಸೂಕ್ಷ್ಮಾಣುಗಳು ಸತ್ತಾಗ ಅದು ಮರಳಿ ಸಿಗುತ್ತದೆ, ಸಾಲವೇ ಹೊರತು ಕಳವಲ್ಲ. ಆದರೆ ವಾರಕ್ಕೆ ಎರಡು ಸಲ ಹೊಸ ಸಾಲ ಎತ್ತುತ್ತಿದ್ದರೆ ತೀರುವುದು ಯಾವಾಗ? ಕೆಳಗಿನ ಎಲೆಗಳು ಬಿಳಚಿದ್ದು ಇದರಿಂದ, ಅದರ ಮೇಲೆ ದ್ರವ ಗೊಬ್ಬರವನ್ನೂ ನಿಲ್ಲಿಸಿದ್ದರಿಂದ. ಹೂವಿನ ಹೊತ್ತಿನಲ್ಲಿ ಸಾರಜನಕ ತಗ್ಗಿಸಬೇಕು ಎಂಬ ಮಾತಿನಲ್ಲಿ ಹುರುಳಿದೆ. ನಿಲ್ಲಿಸಬೇಕು ಎಂಬುದರಲ್ಲಿ ಇಲ್ಲ. ಕಾಯಿ ತುಂಬಲೂ ಅದು ಬೇಕು.

ಇನ್ನು ಪೊಟ್ಯಾಶಿಯಂ. ಕಾಕಂಬಿಯ ಹೊಗಳಿಕೆಯಲ್ಲಿ ನಾನು ಒಪ್ಪುವ ಭಾಗ ಇದು. ಸಕ್ಕರೆಯನ್ನು ಮತ್ತೆ ಮತ್ತೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯಲ್ಲಿ ತೂಕದ ನೂರಕ್ಕೆ ಎರಡೂವರೆಯಿಂದ ನಾಲ್ಕರಷ್ಟು ಪೊಟ್ಯಾಶಿಯಂ ಇರುತ್ತದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಕಬ್ಬಿಣ ಅದಕ್ಕಿಂತ ಬಹಳ ಕಡಿಮೆ, ರಂಜಕವಂತೂ ನೆಪಕ್ಕೆ. ಪೊಟ್ಯಾಶಿಯಂ ನೂರಕ್ಕೆ ಮೂರು ಎಂದು ಹಿಡಿದರೆ, ಚಹಾ ಚಮಚದ ಅಳತೆಯಲ್ಲಿ ಲೀಟರಿಗೆ 210 ಮಿಲಿಗ್ರಾಂ ಪೊಟ್ಯಾಶಿಯಂ. ಕಾಯಿ ಹಿಡಿಯುವ ಟೊಮೆಟೊಗೆ ಕೊಡುವ ಪೋಷಕ ದ್ರಾವಣದಲ್ಲಿ ಸಾಮಾನ್ಯವಾಗಿ ಇರುವುದೂ 200ರಿಂದ 300. ಅಂದರೆ "ಸ್ವಲ್ಪ ಪೂರಕ" ಎಂದು ಕೊಡುವುದು ಪೊಟ್ಯಾಶಿಯಂ ಮಟ್ಟಿಗೆ ಪೂರ್ತಿ ಊಟ. ದೊಡ್ಡ ಚಮಚದಲ್ಲಿ ಅದು 630. ಪೊಟ್ಯಾಶಿಯಂ ಅತಿಯಾದಾಗ ಮೆಗ್ನೀಷಿಯಂ, ಕ್ಯಾಲ್ಸಿಯಂ ಬೇರಿನ ಬಾಗಿಲಲ್ಲೇ ತಡೆಯಲ್ಪಡುತ್ತವೆ. ನರ ಹಸಿರಾಗಿ ಉಳಿದ ಆ ಎಲೆಗಳು ಮೆಗ್ನೀಷಿಯಂ ಕೊರತೆಯವು. ಕಪ್ಪಾದ ಕಾಯಿಯ ತುದಿ ಕ್ಯಾಲ್ಸಿಯಂ ತಲುಪದ್ದರ ಗುರುತು, ಬೇರು ಕೆಟ್ಟು ನೀರು ಏರದಿರುವುದೂ ಅದಕ್ಕೆ ಸೇರಿಕೊಂಡಿತ್ತು. ಬಸಿದ ನೀರಿಗೆ ಇಸಿ ಮೀಟರ್ (ಕರಗಿದ ಲವಣ ಎಷ್ಟಿದೆ ಎಂದು ವಿದ್ಯುತ್ ವಾಹಕತೆಯಿಂದ ತಿಳಿಸುವ ಸಾಧನ) ಅದ್ದಿದಾಗ ಸಾಲಿನ ಕುಂಡದಲ್ಲಿ 4.6, ತೊಟ್ಟಿಯ ಹಿಂದಿನದರಲ್ಲಿ 1.7. ಸಿಹಿ ಎಂದು ಕೊಟ್ಟದ್ದು ಉಪ್ಪೂ ಆಗಿತ್ತು.

ನುಸಿ, ಇರುವೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒದ್ದೆ ಮಣ್ಣು, ಮೇಲ್ಪದರದಲ್ಲಿ ಶಿಲೀಂಧ್ರ, ಸಿಹಿ. ಅವು ಬಾರದಿದ್ದರೆ ಆಶ್ಚರ್ಯ. ನುಸಿಯ ಮರಿಗಳು ಎಳೆ ಬೇರನ್ನೂ ಕೆರೆಯುತ್ತವೆ ಎಂಬುದಷ್ಟೇ ಇಲ್ಲಿ ಮುಖ್ಯ.

ಮದ್ದು ಸರಳ, ಆದರೆ ಕ್ರಮ ತಪ್ಪಬಾರದಿತ್ತು. ಗೆಳೆಯ ತಕ್ಷಣ ಪೈಪು ಹಿಡಿದು ಮಣ್ಣನ್ನು ತೊಳೆಯಲು ಹೊರಟ. ತಡೆದೆ. ಉಸಿರು ಕಟ್ಟಿದ ಬೇರಿನ ಮೇಲೆ ಇನ್ನೂ ನೀರು ಸುರಿದರೆ ಉಳಿದ ಬಿಳಿ ಬೇರೂ ಹೋಗುತ್ತದೆ. ಮೊದಲು ತಟ್ಟೆ ತೆಗೆದು ಕುಂಡಗಳನ್ನು ಇಟ್ಟಿಗೆಗಳ ಮೇಲೆ ಏರಿಸಿದೆವು. ಮೇಲೆ ಮೂರು ಬೆರಳು ಒಣಗುವವರೆಗೆ ಏನೂ ಕೊಡಲಿಲ್ಲ. ಅದಕ್ಕೆ ಐದು ದಿನ ಹಿಡಿಯಿತು. ಆ ಐದು ದಿನ ಮಧ್ಯಾಹ್ನದ ಹೊತ್ತಿಗೆ ನೆರಳುಬಟ್ಟೆ ಕಟ್ಟಿದೆವು, ಕಪ್ಪು ತುದಿಯ ಕಾಯಿಗಳನ್ನೂ ಪೂರ್ತಿ ಹಳದಿಯಾದ ಎಲೆಗಳನ್ನೂ ಕಿತ್ತೆವು. ಆಮೇಲೆ ಒಂದೇ ಸಲ, ತಳದಿಂದ ಧಾರಾಳವಾಗಿ ಹರಿದುಹೋಗುವಂತೆ ಬರೀ ನೀರು ಹಾಯಿಸಿದೆವು. ಬಸಿದ ನೀರು 2.2ಕ್ಕೆ ಇಳಿಯಿತು. ಮತ್ತೆ ಒಣಗಲು ಬಿಟ್ಟು, ದ್ರವ ಗೊಬ್ಬರವನ್ನು ಅರ್ಧ ಬಲದಲ್ಲಿ ಶುರುಮಾಡಿದೆವು. ಎಲೆಗೆ ಎಪ್ಸಮ್ ಉಪ್ಪಿನ (ಮೆಗ್ನೀಷಿಯಂ ಸಲ್ಫೇಟ್) ತೆಳು ದ್ರಾವಣ ಎರಡು ಸಲ. ನುಸಿಗೆ ಹಳದಿ ಅಂಟುಹಾಳೆ. ಮೇಲ್ಮಣ್ಣು ಒಣಗಿದ್ದೇ ಅವಕ್ಕೆ ದೊಡ್ಡ ಏಟು.

ಕುಂಡದಿಂದ ಎಳೆದು ನೋಡಿದ ಗಿಡ ಉಳಿಯಲಿಲ್ಲ. ಅದಕ್ಕೆ ನಮ್ಮ ಕುತೂಹಲವೂ ಕಾರಣವಿರಬಹುದು. ಉಳಿದ ಐದರಲ್ಲಿ ಹನ್ನೆರಡನೆಯ ದಿನದ ಹೊತ್ತಿಗೆ ಮಧ್ಯಾಹ್ನದ ಬಾಡುವಿಕೆ ನಿಂತಿತು. ಹಳದಿಯಾದ ಹಳೆಯ ಎಲೆಗಳು ಮತ್ತೆ ಹಸಿರಾಗಲಿಲ್ಲ, ಆಗುವುದೂ ಇಲ್ಲ. ಗೆಳೆಯ ಅವನ್ನೇ ದಿನವೂ ನೋಡಿ ಬೇಸರಪಡುತ್ತಿದ್ದ. ಹೊಸ ಎಲೆಯ ಅಗಲವನ್ನು ಮಾತ್ರ ನೋಡು ಎಂದು ಎರಡು ಸಲ ಹೇಳಬೇಕಾಯಿತು. ನಾಲ್ಕನೆಯ ವಾರದಲ್ಲಿ ಹೊಸ ಗೊಂಚಲುಗಳಲ್ಲಿ ಕಾಯಿ ಕಚ್ಚಿದವು. ಆ ಹಂಗಾಮಿನಲ್ಲಿ ಅತಿ ಹೆಚ್ಚು ಹಣ್ಣು ಕೊಟ್ಟದ್ದು ತೊಟ್ಟಿಯ ಹಿಂದಿನ ಎರಡೇ.

ಕಾಕಂಬಿಯನ್ನು ಪೂರ್ತಿ ಬಿಡಲು ಅವನಿಗೆ ಮನಸ್ಸಿರಲಿಲ್ಲ. ನನಗೂ ಅದನ್ನು ವಿಷವೆಂದು ಸಾರುವ ಆಸೆ ಇಲ್ಲ. ಮುಂದಿನ ನೆಡುವಿಕೆಯಲ್ಲಿ ನಾಲ್ಕು ಕುಂಡಗಳನ್ನು ಅಕ್ಕಪಕ್ಕ ಇಟ್ಟು, ನಾಲ್ಕಕ್ಕೂ ಗೊಬ್ಬರ ಒಂದೇ ಸಮ ಕೊಟ್ಟು, ಎರಡಕ್ಕೆ ಮಾತ್ರ ಲೀಟರಿಗೆ 2 ಮಿಲಿಲೀಟರ್ ಕಾಕಂಬಿಯನ್ನು ಹದಿನೈದು ದಿನಕ್ಕೊಮ್ಮೆ ಕೊಟ್ಟ. ಈ ಸಲ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದ. ಚಮಚವನ್ನು ಅಡುಗೆಮನೆಗೆ ಹಿಂದಿರುಗಿಸಿದ್ದ. ಹಂಗಾಮು ಮುಗಿದಾಗ ಹೆಸರುಚೀಟಿ ಮುಚ್ಚಿ ಯಾವುದು ಯಾವುದು ಎಂದು ನನ್ನನ್ನು ಕೇಳಿದ. ನಾನು ಹೇಳಿದ ಎರಡರಲ್ಲಿ ಒಂದು ಸರಿ, ಒಂದು ತಪ್ಪು. ಹಣ್ಣಿನ ತೂಕದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡೆರಡು ಗಿಡಗಳಿಂದ ಇದಕ್ಕಿಂತ ಹೆಚ್ಚೇನನ್ನೂ ಹಿಂಡಲು ಬಾರದು. ಕೆಡುಕಾಗಲಿಲ್ಲ ಎಂಬುದಂತೂ ಸ್ಪಷ್ಟ.

ಡಬ್ಬಿಯಲ್ಲಿ ಇನ್ನೂ ಎರಡು ಲೀಟರಿನಷ್ಟು ಉಳಿದಿತ್ತು. ಅದನ್ನು ಬಿಸಿನೀರಿನಲ್ಲಿ ಕದಡಿ, ಕಾಂಪೋಸ್ಟ್ ಗುಡ್ಡೆಯ ಒಣ ಎಲೆ ಮತ್ತು ಹಸಿ ಹುಲ್ಲಿನ ಪದರಗಳ ನಡುವೆ ಚಿಮುಕಿಸಿ ಬುಡಮೇಲು ಮಾಡಿದ. ಅಲ್ಲಿ ಗಾಳಿಯಿದೆ, ಹುಲ್ಲಿನ ಸಾರಜನಕವಿದೆ, ಕೊಳೆಯಬಾರದ ಬೇರು ಯಾವುದೂ ಇಲ್ಲ. ಮೂರನೆಯ ದಿನ ಫೋನ್ ಮಾಡಿ, ಗುಡ್ಡೆಯೊಳಗೆ ಕೈ ಇಟ್ಟರೆ ಸುಡುತ್ತದೆ ಎಂದ.